ಸೀಸದ ಗಣಿಯ ಬಿಳಿಯ ಹೂವು



ಈ ಸಂಜೆ ನಾವು ಮಾತನಾಡಬೇಕೆಂದಿರುವ ವಸ್ತು ಗಾತ್ರದಲ್ಲಿ ಬಹಳ ಚಿಕ್ಕದು. ಅದೊಂದು ಗಿಡ. ಅದರ ಎತ್ತರ ನಾಲ್ಕು ಬೆರಳು, ಹೆಚ್ಚೆಂದರೆ ಆರೇಳು ಬೆರಳು. ಹೂವು ಕಿರುಬೆರಳಿನ ಉಗುರಿನಷ್ಟು, ಬಣ್ಣ ಬಿಳುಪು. ಅದು ಪೂಜೆಗೆ ಒದಗುವುದಿಲ್ಲ, ಮುಡಿಗೆ ಏರುವುದಿಲ್ಲ, ಹೂವಿನ ಅಂಗಡಿಗೆ ಬರುವುದಿಲ್ಲ. ಮೇಲಾಗಿ ಅದು ನಮ್ಮ ನಾಡಿನದೂ ಅಲ್ಲ. ಇಂಗ್ಲೆಂಡು ಮೊದಲಾದ ಯೂರೋಪಿನ ದೇಶಗಳ ಬೆಟ್ಟಗುಡ್ಡಗಳಲ್ಲಿ ಬೆಳೆಯತಕ್ಕದ್ದು. ಹೀಗಿರುವಲ್ಲಿ ಮೈಸೂರು, ಬೆಂಗಳೂರುಗಳಲ್ಲಿ ಮನೆಯೊಳಗೆ ಕುಳಿತು ಕೇಳುತ್ತಿರುವ ನಿಮಗೆ ಇದರಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆ ಪ್ರಶ್ನೆಗೆ ನಮ್ಮ ಉತ್ತರ ಈ ಭಾಷಣದ ಕೊನೆಯಲ್ಲಿ ಬರುತ್ತದೆ. ಸದ್ಯಕ್ಕೆ ಇಷ್ಟು ಮಾತ್ರ ಹೇಳಬಹುದು: ಈ ಗಿಡ ನಮ್ಮ ಎರಡು ತಪ್ಪುಗಳನ್ನು ತಿದ್ದಿತು. ಒಂದು ಕಣ್ಣಿನ ತಪ್ಪು. ಇನ್ನೊಂದು ಬಾಯಿಯ ತಪ್ಪು.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಇದನ್ನು ಸ್ಪ್ರಿಂಗ್ ಸ್ಯಾಂಡ್‌ವರ್ಟ್ ಎನ್ನುತ್ತಾರೆ. ಸ್ಯಾಂಡ್ ಎಂದರೆ ಮರಳು. ವರ್ಟ್ ಎಂಬುದು ಗಿಡಮೂಲಿಕೆಗೆ ಹಳೆಯ ಇಂಗ್ಲಿಷಿನ ಮಾತು. ಆದ್ದರಿಂದ ಕನ್ನಡದಲ್ಲಿ ನಾವು ಇದನ್ನು ವಸಂತದ ಮರಳುಗಿಡವೆಂದು ಕರೆಯಬಹುದು. ಸ್ವೀಡನ್ನಿನ ಲಿನೇಯಸ್ ಪಂಡಿತನು ೧೭೬೭ರಲ್ಲಿ ಇದಕ್ಕೆ ಅರೆನೇರಿಯಾ ವರ್ನಾ ಎಂದು ನಾಮಕರಣ ಮಾಡಿದನು. ಲ್ಯಾಟಿನ್ ಭಾಷೆಯಲ್ಲಿ ಅರೆನಾ ಎಂದರೂ ಮರಳೇ. ಮುಂದೆ ೧೮೯೯ರಲ್ಲಿ ವಿದ್ವಾಂಸರು ಇದನ್ನು ಆ ಜಾತಿಯಿಂದ ಬಿಡಿಸಿ, ಮಿನುವಾರ್ತ್ ಎಂಬ ಸ್ಪೇನಿನ ಸಸ್ಯಶಾಸ್ತ್ರಜ್ಞನ ಹೆಸರನ್ನು ಹೊತ್ತ ಮಿನುವಾರ್ಷಿಯಾ ಜಾತಿಗೆ ಸೇರಿಸಿದರು. ನಾವು ಓದುವಾಗಲೂ, ಅನೇಕ ವರ್ಷ ಪಾಠ ಹೇಳುವಾಗಲೂ ಅದೇ ಹೆಸರು. ಆದರೆ ೨೦೧೪ರಲ್ಲಿ, ಗಿಡಗಳ ಜೀವಕೋಶದೊಳಗಿನ ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿದವರು, ಮಿನುವಾರ್ಷಿಯಾ ಎಂಬುದು ಒಂದೇ ಮನೆತನವಲ್ಲ, ಬೇರೆಬೇರೆ ಮನೆತನಗಳನ್ನು ಒಂದೇ ಚಾವಣಿಯ ಕೆಳಗೆ ಕೂಡಿಸಿದ್ದಾಗಿದೆ ಎಂದು ತೋರಿಸಿದರು. ಆಗ ನಮ್ಮ ಗಿಡಕ್ಕೆ ೧೮೩೨ರಷ್ಟು ಹಳೆಯದಾದ ಸಬುಲಿನಾ ವರ್ನಾ ಎಂಬ ಹೆಸರು ಮತ್ತೆ ಬಂದಿತು. ಸಬುಲಮ್ ಎಂದರೂ ಲ್ಯಾಟಿನ್ನಿನಲ್ಲಿ ಮರಳು. ಎರಡೂವರೆ ಶತಮಾನ ಸುತ್ತಾಡಿದ ಹೆಸರು ಹೀಗೆ ಮರಳಿನಿಂದ ಹೊರಟು ಮರಳಿಗೇ ಮರಳಿತು. ಪಂಡಿತರ ಈ ಜಗಳದಲ್ಲಿ ಗಿಡಕ್ಕೆ ಯಾವ ಭಾಗವೂ ಇಲ್ಲ. ಅದು ತನ್ನ ಪಾಡಿಗೆ ತಾನು ಹೂ ಬಿಡುತ್ತಲೇ ಇದ್ದಿತು.

ನಾವು ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಪಾಠ ಹೇಳಿ ಬದುಕುವವರು. ನಮ್ಮ ವಿದ್ಯಾಭ್ಯಾಸವೆಲ್ಲ ಇಂಗ್ಲಿಷ್ ಪುಸ್ತಕಗಳಿಂದ ನಡೆಯಿತು. ಅದರ ಫಲವೇನೆಂದರೆ, ನಾವು ಎಂದೂ ಕಾಣದ ಇಂಗ್ಲೆಂಡಿನ ಹೂಗಳ ಲಕ್ಷಣಗಳು ನಮಗೆ ಬಾಯಿಪಾಠವಾಗಿದ್ದವು. ನಮ್ಮ ಮನೆಯ ಹಿತ್ತಿಲಿನ ಕಳೆಗಳ ಹೆಸರು ಮಾತ್ರ ಬಾರದು. ಮರಳುಗಿಡದ ಲಕ್ಷಣವನ್ನೂ ನಾವು ಹೀಗೆಯೇ ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳಿಂದ ಒಪ್ಪಿಸಿಕೊಂಡೆವು. ಅನಂತರ ಕೆಲವು ವರ್ಷಗಳ ಹಿಂದೆ, ಹೆಚ್ಚಿನ ವ್ಯಾಸಂಗಕ್ಕಾಗಿ ಎರಡು ವರ್ಷ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಇರುವ ಸಂದರ್ಭ ಒದಗಿತು. ಆ ಊರಿನಿಂದ ಒಂದು ಗಂಟೆಯ ಪ್ರಯಾಣದಲ್ಲಿ ಡರ್ಬಿಷೈರ್ ಸೀಮೆಯ ಸುಣ್ಣಕಲ್ಲಿನ ಗುಡ್ಡಗಳು ಸಿಕ್ಕುತ್ತವೆ.

ಆ ಸೀಮೆಯ ವಿಷಯ ಸ್ವಲ್ಪ ಹೇಳಬೇಕು. ಅಲ್ಲಿಯ ಸುಣ್ಣಕಲ್ಲಿನ ಬಿರುಕುಗಳಲ್ಲಿ ಸೀಸದ ಅದಿರು ಗೋಡೆಗೋಡೆಯಾಗಿ ನಿಂತಿದೆ. ರೋಮನರ ಕಾಲದಿಂದಲೂ ಜನರು ಅದನ್ನು ಅಗೆದರು. ಅವರು ಎರಕ ಹೊಯ್ದು ಅಕ್ಷರ ಒತ್ತಿದ ಸೀಸದ ಗಟ್ಟಿಗಳು ಆಮೇಲೆ ಭೂಮಿಯಲ್ಲಿ ದೊರೆತಿವೆ. ವರ್ಕ್ಸ್‌ವರ್ತ್ ಎಂಬ ಊರಿನಲ್ಲಿ ಗಣಿಯವರ ನ್ಯಾಯಸ್ಥಾನವೊಂದಿದೆ. ಅಲ್ಲಿ ಅದಿರನ್ನು ಅಳೆಯುವುದಕ್ಕಾಗಿ ೧೫೧೩ರಲ್ಲಿ ಮಾಡಿಸಿದ ಲೋಹದ ಕೊಳಗವನ್ನು ಇಂದಿಗೂ ಇಟ್ಟುಕೊಂಡಿದ್ದಾರೆ. ಅದಿರಿನ ಗೋಡೆಯನ್ನು ಅನುಸರಿಸಿ ಅಗೆದದ್ದರಿಂದ ಗಣಿಗಳು ಬಾವಿಯಂತೆ ದುಂಡಗಿರದೆ, ಗುಡ್ಡದ ಮೇಲೆ ಗೀರು ಎಳೆದಂತೆ ಉದ್ದುದ್ದವಾಗಿ ಸಾಗುತ್ತವೆ. ಅದಕ್ಕೆ ಅಲ್ಲಿಯವರು ರೇಕ್ ಎನ್ನುತ್ತಾರೆ. ಗೀರಿನ ಎರಡು ಕಡೆಯೂ ಹೊರಚೆಲ್ಲಿದ ಕಲ್ಲುಪುಡಿಯ ದಿಬ್ಬಗಳು. ಆ ಪುಡಿಯಲ್ಲಿ ಕೆಲವು ಕಡೆ ನೂರಕ್ಕೆ ಒಂದು ಪಾಲಿಗೂ ಮೀರಿ ಸೀಸ ಉಳಿದಿದೆ. ಅಲ್ಲಿ ಮೇಯ್ದ ದನಕರುಗಳು ವಿಷವೇರಿ ಸಾಯುತ್ತಿದ್ದವು. ಆ ರೋಗಕ್ಕೆ ಬೆಲ್ಲಂಡ್ ಎಂಬ ಹೆಸರೇ ಆ ಸೀಮೆಯಲ್ಲಿ ಹುಟ್ಟಿತು. ರೈತರು ದನಗಳನ್ನು ತಡೆಯುವುದಕ್ಕಾಗಿ ಅನೇಕ ಕಡೆ ದಿಬ್ಬಗಳ ಸುತ್ತ ಕಲ್ಲುಗೋಡೆ ಹಾಕಿ ಮರಗಳನ್ನು ನೆಟ್ಟರು. ಸುತ್ತಲೂ ಹಚ್ಚಹಸಿರು ಹುಲ್ಲುಗಾವಲು. ನಡುವೆ ಈ ಬೋಳು ದಿಬ್ಬಗಳು. ನಮ್ಮ ಗಿಡದ ತವರು ಈ ದಿಬ್ಬಗಳೇ. ಆದಕಾರಣ ಡರ್ಬಿಷೈರಿನ ಹಳ್ಳಿಯವರು ಇದನ್ನು ಲೆಡ್‌ವರ್ಟ್, ಎಂದರೆ ಸೀಸದ ಗಿಡ, ಎಂದು ಕರೆದರು.

ಜೂನ್ ತಿಂಗಳ ಒಂದು ಭಾನುವಾರ ನಾವು ಅಲ್ಲಿಗೆ ಹೋದೆವು. ನಮ್ಮನ್ನು ಕರೆದೊಯ್ದವರು ಪಾಠಶಾಲೆಯ ಕೆಲಸದಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರು. ದಾರಿಯಲ್ಲಿ ನಾವು ಮರಳುಗಿಡದ ಲಕ್ಷಣವನ್ನು ಅವರಿಗೆ ನಿರರ್ಗಳವಾಗಿ ಒಪ್ಪಿಸಿದೆವು. ಅವರು ನಕ್ಕು ಸುಮ್ಮನಾದರು. ದಿಬ್ಬದ ಅಂಚಿನ ಹುಲ್ಲಿನಲ್ಲಿ ಐದೆಸಳಿನ ಸಣ್ಣ ಬಿಳಿ ಹೂವೊಂದು ಕಂಡಿತು. ಎದುರುಬದುರಾಗಿ ಚಿಕ್ಕ ಎಲೆಗಳು, ದಾರದಂತಹ ಕಾಂಡ. “ಇಗೋ, ಸಿಕ್ಕಿತು!” ಎಂದೆವು. ಅವರು ಜೇಬಿನಿಂದ ಭೂತಕನ್ನಡಿಯನ್ನು ತೆಗೆದು ನಮ್ಮ ಕೈಗೆ ಕೊಟ್ಟು, “ಕೇಸರಗಳನ್ನು ಎಣಿಸಿ ನೋಡಿ” ಎಂದರು. ಎಣಿಸಿದೆವು. ಐದು. ಮತ್ತೆ ಎಣಿಸಿದೆವು. ಆಗಲೂ ಐದೇ. ಮರಳುಗಿಡಕ್ಕೆ ಹತ್ತಿರಬೇಕು. ಅದು ನಮ್ಮ ಧಾರವಾಡ, ವಿಜಯಪುರಗಳ ಕಡೆ ಬೆಳೆಯುವ ಅಗಸೆಯ ಬಳಗಕ್ಕೆ ಸೇರಿದ, ಫೇರಿ ಫ್ಲ್ಯಾಕ್ಸ್ ಎಂಬ ಕಾಡಗಸೆ! ಹದಿನೈದು ವರ್ಷ ಪಾಠ ಹೇಳಿದ ಲಕ್ಷಣ ನಮ್ಮ ನಾಲಿಗೆಯಲ್ಲಿತ್ತು, ಕಣ್ಣಿಗೆ ಇಳಿದಿರಲಿಲ್ಲ. ನಾಚಿಕೆಯಿಂದ ಹತ್ತು ಹೆಜ್ಜೆ ಮುಂದೆ ನಡೆದು ಬೋಳು ದಿಬ್ಬವನ್ನು ಹತ್ತಿದೆವು. ಅಲ್ಲಿ ಬೂದಿಬಣ್ಣದ ಕಲ್ಲುಪುಡಿಯ ಮೇಲೆ, ಅಂಗೈಯಗಲದ ಹಸಿರು ಮೆತ್ತೆಗಳ ತುಂಬ, ನಿಜವಾದ ಮರಳುಗಿಡದ ಹೂಗಳು ಬಿಸಿಲಿಗೆ ಅರಳಿ ನಿಂತಿದ್ದವು.

ಆ ದಿನ ಮೊಣಕಾಲೂರಿ ಕಲಿತದ್ದನ್ನು ಈಗ ಕ್ರಮವಾಗಿ ಹೇಳುತ್ತೇವೆ. ಇಂತಹ ಗಿಡವನ್ನು ಗುರುತಿಸಬೇಕಾದರೆ ಅದಕ್ಕೆ ಐದು ಪ್ರಶ್ನೆಗಳನ್ನು ಹಾಕಬೇಕು.

ಮೊದಲನೆಯ ಪ್ರಶ್ನೆ: ಎಲೆಗಳು ಹೇಗೆ ಕುಳಿತಿವೆ? ಮರಳುಗಿಡದಲ್ಲಿ ಒಂದೊಂದು ಗೆಣ್ಣಿನಲ್ಲಿಯೂ ಎರಡು ಎಲೆಗಳು ಎದುರುಬದುರಾಗಿರುತ್ತವೆ. ಎಲೆ ದಬ್ಬಳದಂತೆ ಕಿರಿದಾಗಿ ತುದಿಯಲ್ಲಿ ಮೊನಚಾಗಿದೆ. ಭೂತಕನ್ನಡಿಯಲ್ಲಿ ಅದರ ಮೇಲೆ ಮೂರು ನರಗಳು ಕಾಣುತ್ತವೆ. ಅದೇ ಗುಡ್ಡಗಳಲ್ಲಿ ಬೆಡ್‌ಸ್ಟ್ರಾ ಎಂಬ ಇನ್ನೊಂದು ಬಿಳಿ ಹೂವಿನ ಗಿಡವಿದೆ. ಅದರ ಎಲೆಗಳು ಗೆಣ್ಣಿನ ಸುತ್ತ ಚಕ್ರದ ಅರಗಳಂತೆ ಹರಡುತ್ತವೆ, ಎಸಳುಗಳೂ ನಾಲ್ಕೇ. ಈ ಒಂದು ಪ್ರಶ್ನೆಯಿಂದಲೇ ಅದು ಹೊರಗಾಯಿತು.

ಎರಡನೆಯ ಪ್ರಶ್ನೆ: ಎಸಳಿನ ತುದಿ ಸೀಳಿದೆಯೆ? ಮರಳುಗಿಡದ ಐದು ಎಸಳುಗಳೂ ಅಕ್ಕಿಯ ಕಾಳಿನ ತುದಿಯಂತೆ ಇಡಿಯಾಗಿವೆ. ಇದೇ ಕುಟುಂಬದ ಚಿಕ್‌ವೀಡ್ ಮತ್ತು ಮೌಸ್‌ಇಯರ್ ಎಂಬ ಗಿಡಗಳಲ್ಲಿ ಎಸಳು ನಡುವೆ ಸೀಳಿರುತ್ತದೆ. ಚಿಕ್‌ವೀಡಿನಲ್ಲಂತೂ ಬುಡದ ತನಕ ಸೀಳಿ, ಐದೆಸಳಿನ ಹೂವು ಹತ್ತೆಸಳಿನದೆಂದು ಕಣ್ಣಿಗೆ ಭ್ರಮೆ ಹುಟ್ಟಿಸುತ್ತದೆ.

ಮೂರನೆಯ ಪ್ರಶ್ನೆ: ಎಸಳು ದೊಡ್ಡದೊ, ಅದರ ಹಿಂದಿನ ಹಸಿರು ಪುಷ್ಪಪತ್ರ ದೊಡ್ಡದೊ? ನಮ್ಮ ಗಿಡದಲ್ಲಿ ಎಸಳು ಪುಷ್ಪಪತ್ರಕ್ಕೆ ಸಮ ಅಥವಾ ಅದಕ್ಕಿಂತ ತುಸು ಉದ್ದ. ಗೋಡೆಗಳ ಮೇಲೆಯೂ ಒಣನೆಲದಲ್ಲಿಯೂ ಬೆಳೆಯುವ ಇನ್ನೊಂದು ಮರಳುಗಿಡದಲ್ಲಿ ಎಸಳು ಗಿಡ್ಡವಾಗಿ ಪುಷ್ಪಪತ್ರಗಳ ನಡುವೆ ಅಡಗಿರುತ್ತದೆ. ಅದರ ಎಲೆಗಳೂ ಅಗಲವಾಗಿ ಮೊಟ್ಟೆಯ ಆಕಾರದಲ್ಲಿರುತ್ತವೆ.

ನಾಲ್ಕನೆಯದು, ನಮ್ಮ ಮಾನ ಕಳೆದ ಪ್ರಶ್ನೆ: ಕೇಸರಗಳೆಷ್ಟು? ಮರಳುಗಿಡಕ್ಕೆ ಹತ್ತು. ಹೂವು ಹೊಸದಾಗಿದ್ದರೆ ಕೇಸರದ ತುದಿಯ ಪರಾಗಕೋಶಗಳು ನಸುಗೆಂಪಾಗಿ, ಬಿಳಿಯ ಎಸಳುಗಳ ಮೇಲೆ ಕುಂಕುಮದ ಹುಡಿ ಚೆಲ್ಲಿದಂತೆ ಕಾಣುತ್ತವೆ.

ಐದನೆಯ ಪ್ರಶ್ನೆ ಹೂವಿನ ನಡುವಿನ ಅಂಡಾಶಯಕ್ಕೆ ಸಂಬಂಧಪಟ್ಟದ್ದು: ಅದರ ಮೇಲೆ ಎಷ್ಟು ಶಲಾಕೆಗಳಿವೆ? ಒಣಗಿದ ಕಾಯಿ ಎಷ್ಟು ಹಲ್ಲಾಗಿ ಬಿರಿಯುತ್ತದೆ? ನಮ್ಮ ಗಿಡದಲ್ಲಿ ಶಲಾಕೆ ಮೂರು. ಕಾಯಿ ಬಿರಿಯುವುದೂ ಮೂರೇ ಭಾಗವಾಗಿ. ಲಿನೇಯಸನ ಅರೆನೇರಿಯಾ ಎಂಬ ಹೆಸರನ್ನು ಇನ್ನೂ ಉಳಿಸಿಕೊಂಡಿರುವ ಮರಳುಗಿಡಗಳಲ್ಲಿ ಶಲಾಕೆ ಮೂರಾದರೂ ಕಾಯಿ ಆರು ಹಲ್ಲುಗಳಾಗಿ ಬಿರಿಯುತ್ತದೆ. ಪರ್ಲ್‌ವರ್ಟ್ ಎಂಬ ಇನ್ನೊಂದು ನಂಟಿನ ಗಿಡ ಅಲ್ಲಿಯೇ ತೇವವಿದ್ದ ಕಡೆ ಸಿಕ್ಕುತ್ತದೆ. ಅದರ ಶಲಾಕೆಗಳು ಐದು. ಆದ್ದರಿಂದ ಹೂವಿನ ಜೊತೆಗೆ ಕಳೆದ ಋತುವಿನ ಒಣಗಿದ ಕಾಯಿಯನ್ನೂ ಹುಡುಕಬೇಕು. ಹೂವು ಒಂದು ವೇಳೆ ಮೋಸಮಾಡಿದರೂ ಕಾಯಿ ಮೋಸಮಾಡುವುದಿಲ್ಲ.

ಈ ಐದು ಪ್ರಶ್ನೆಗಳಿಗೂ ಗಿಡವನ್ನು ಕೀಳಬೇಕಾದ ಅಗತ್ಯವಿಲ್ಲ. ನಾವು ಬಗ್ಗಿದರೆ ಸಾಕು. ಇಂಗ್ಲೆಂಡಿನಲ್ಲಂತೂ ನೆಲದ ಒಡೆಯನ ಅನುಮತಿಯಿಲ್ಲದೆ ಯಾವ ಕಾಡುಗಿಡವನ್ನೂ ಬೇರುಸಹಿತ ಕೀಳಕೂಡದೆಂದು ೧೯೮೧ರ ಕಾಯಿದೆ ವಿಧಿಸುತ್ತದೆ.

ಇನ್ನು ಮುಖ್ಯವಾದ ಸಂದೇಹಕ್ಕೆ ಬರೋಣ. ಸುತ್ತಲೂ ಒಳ್ಳೆಯ ನೆಲವಿರಲು ಈ ಗಿಡ ವಿಷದ ದಿಬ್ಬವನ್ನೇ ಏಕೆ ಹಿಡಿಯಿತು? ಸೀಸ ಅದಕ್ಕೆ ಆಹಾರವೆ? ಹೀಗೆಂದು ನಂಬಿದವರು ಹಲವರು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಇದರ ಸೋದರ ಗಿಡ ತಾಮ್ರದ ಅದಿರಿರುವೆಡೆ ಬೆಳೆಯುತ್ತದೆ. ಅಲ್ಲಿಯವರು ಅದನ್ನು ತಾಮ್ರದ ಹೂವೆಂದೇ ಕರೆದು, ಅದನ್ನು ಅದಿರಿನ ಗುರುತಾಗಿ ಭಾವಿಸಿದರು. ಹೂವಿರುವಲ್ಲಿ ಲೋಹವಿದೆಯೆಂಬ ಮಾತು ಬಹುಮಟ್ಟಿಗೆ ನಿಜ. ಆದರೆ ಲೋಹ ಹೂವಿಗೆ ಪ್ರಿಯವೆಂಬುದು ಅದರಿಂದ ಸಿದ್ಧವಾಗುವುದಿಲ್ಲ.

ನಡೆದದ್ದು ಬೇರೆ. ಹಿಮಯುಗದ ಕೊನೆಯಲ್ಲಿ, ಹಿಮದ ಹೊದಿಕೆ ಹಿಂಜರಿದಾಗ, ಬ್ರಿಟನ್ನಿನ ನೆಲವೆಲ್ಲ ಬೋಳಾಗಿ ತೆರೆದಿತ್ತು. ಆಗ ಇಂತಹ ಕುಳ್ಳು ಗಿಡಗಳಿಗೆ ಬೇಕಾದಷ್ಟು ಜಾಗ. ಆಮೇಲೆ ಕಾಡು ಬಂದಿತು, ಹುಲ್ಲು ದಟ್ಟವಾಯಿತು, ಮನುಷ್ಯನು ಗೊಬ್ಬರ ಹಾಕಿದನು. ನಾಲ್ಕು ಬೆರಳಿನ ಗಿಡ ಎತ್ತರದ ಹುಲ್ಲಿನ ನೆರಳಿನಲ್ಲಿ ಬದುಕಲಾರದು. ಹುಲ್ಲು ಒತ್ತಾಗಿ ಬೆಳೆಯಲಾರದ ಕಡೆಗಳಲ್ಲಿ ಮಾತ್ರ ಅದು ಉಳಿಯಿತು: ಟೀಸ್‌ಡೇಲಿನ ಎತ್ತರದ ಬೆಟ್ಟಗಳಲ್ಲಿ, ಐರ್ಲೆಂಡಿನ ಬರೆನ್ ಎಂಬ ಸುಣ್ಣಕಲ್ಲಿನ ಬಯಲಿನಲ್ಲಿ, ಮತ್ತು ಸೀಸದ ದಿಬ್ಬಗಳ ಮೇಲೆ. ದಿಬ್ಬದ ವಿಷ ಹುಲ್ಲನ್ನು ತಡೆಯುತ್ತದೆ; ಈ ಗಿಡ ಹೇಗೋ ಅದನ್ನು ತಾಳಿಕೊಳ್ಳುತ್ತದೆ. ತಾಳಿಕೆಯೂ ಸುಲಭವಾಗಿ ಬರತಕ್ಕದ್ದಲ್ಲ. ಬ್ರಾಡ್‌ಷಾ ಎಂಬ ವಿಜ್ಞಾನಿಯು ೧೯೫೨ರಲ್ಲಿ ಪ್ರಕಟಿಸಿದ ಸಂಶೋಧನೆ ಪ್ರಸಿದ್ಧವಾಗಿದೆ. ಹಳೆಯ ಗಣಿಯ ಮಣ್ಣಿನಲ್ಲಿ ಬೆಳೆದ ಒಂದು ಜಾತಿಯ ಹುಲ್ಲು ಸೀಸವನ್ನು ತಾಳಿತು. ಅದೇ ಹುಲ್ಲಿನ, ಪಕ್ಕದ ಗಾವಲಿನಿಂದ ತಂದ ಗಿಡಗಳು ಆ ಮಣ್ಣಿನಲ್ಲಿ ಬದುಕಲಿಲ್ಲ. ಅಂದರೆ ಗಣಿಯ ಮೇಲೆ ಬಿದ್ದ ಬೀಜಗಳಲ್ಲಿ ಬಹುಪಾಲು ಸತ್ತವು; ತಾಳುವ ಶಕ್ತಿ ಅಕಸ್ಮಾತ್ತಾಗಿ ಇದ್ದ ಕೆಲವು ಮಾತ್ರ ಉಳಿದು ವಂಶವನ್ನು ಬೆಳೆಸಿದವು. ದಿಬ್ಬದ ಹಸಿರನ್ನು ನೋಡುವಾಗ ನಮಗೆ ಉಳಿದವು ಕಾಣುತ್ತವೆ, ಸತ್ತವು ಕಾಣುವುದಿಲ್ಲ.

ಈ ಮಾತನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಅದು ಮನಸ್ಸಿಗೆ ಹತ್ತಿದ್ದು ಗಿಡವನ್ನು ಕೈಯಾರೆ ಬೆಳೆಸಿದಾಗ.

ಬೆಟ್ಟದ ಗಿಡಗಳನ್ನು ಮಾರುವವರೊಬ್ಬರಿಂದ ಒಂದು ಸಸಿಯನ್ನು ಕೊಂಡು ತಂದೆವು. ಬಿಡಾರದ ಕಿಟಕಿಯ ಹೊರಗೆ ಒಂದು ಕುಂಡವನ್ನಿಟ್ಟು, ಭಾರತೀಯರಿಗೆ ಸಹಜವಾದ ಔದಾರ್ಯದಿಂದ ಒಳ್ಳೆಯ ಕಪ್ಪು ಮಣ್ಣು, ಹೇರಳವಾಗಿ ಗೊಬ್ಬರ, ದಿನಕ್ಕೆರಡು ಸಲ ನೀರು ಉಪಚಾರ ಮಾಡಿದೆವು. ತಿಂಗಳೊಳಗೆ ಗಿಡ ಸೊಂಪಾಗಿ ಕೊಬ್ಬಿತು. ಕಾಂಡಗಳು ನೀಳವಾಗಿ ಸೋತು ಬಿದ್ದವು. ಹೂವು ಎರಡೋ ಮೂರೋ. ಶರತ್ಕಾಲದ ಮಳೆ ಹಿಡಿದೊಡನೆ ಮೆತ್ತೆಯ ನಡುಭಾಗ ಕಂದುಬಣ್ಣಕ್ಕೆ ತಿರುಗಿ ಕೊಳೆತುಹೋಯಿತು. ಮನೆಯೊಡತಿ ನೋಡಿ, “ನೀವು ಅದಕ್ಕೆ ಬಹಳ ಉಣ್ಣಿಸಿದಿರಿ” ಎಂದಳು.

ಎರಡನೆಯ ಸಲ ಬುದ್ಧಿ ಬಂದಿತು. ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಎಲೆಗೊಬ್ಬರ, ಎರಡು ಪಾಲು ಸುಣ್ಣಕಲ್ಲಿನ ನುರುಜು ಮತ್ತು ಗರಸು ಮರಳು, ಇದೇ ಮಿಶ್ರಣ. ಕುಂಡದ ತಳದಲ್ಲಿ ಒಡೆದ ಹೆಂಚಿನ ಚೂರುಗಳು. ನವೆಂಬರಿನಲ್ಲಿ ಬೀಜವನ್ನು ಮೇಲೆಯೇ ತೆಳುವಾಗಿ ಉದುರಿಸಿ, ಬೀಜ ಮುಚ್ಚುವಷ್ಟು ಮಾತ್ರ ಮರಳನ್ನು ಹರಡಿ, ಕುಂಡಗಳನ್ನು ಚಳಿಗಾಲವೆಲ್ಲ ಹೊರಗೇ ಬಿಟ್ಟೆವು. ಬೆಟ್ಟದ ಬೀಜಗಳಿಗೆ ಈ ಚಳಿ ಹಿತ. ಅವು ಶೀತವನ್ನು ಅನುಭವಿಸಿದ ಮೇಲೆ ಚೆನ್ನಾಗಿ ಏಳುತ್ತವೆ. ವಸಂತದಲ್ಲಿ ಸೂಜಿಮೊನೆಯಷ್ಟು ಮೊಳಕೆಗಳು ಕಾಣಿಸಿದವು. ನಾಲ್ಕು ಎಲೆಯಾದ ಮೇಲೆ ಒಂದೊಂದಾಗಿ ಬೇರ್ಪಡಿಸಿ ನೆಟ್ಟು, ಕತ್ತಿನ ಸುತ್ತ ನುರುಜುಗಲ್ಲನ್ನು ಹರಡಿದೆವು. ಇದರಿಂದ ಮೆತ್ತೆಯ ಬುಡದಲ್ಲಿ ನೀರು ನಿಲ್ಲುವುದಿಲ್ಲ. ಪೂರ್ಣ ಬಿಸಿಲು ಬೇಕು. ನೀರನ್ನು ಮೇಲಿನಿಂದ ಸುರಿಯದೆ, ಕುಂಡವನ್ನು ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಬೇಕು. ಗೊಬ್ಬರ ಬೇಡ. ಗಿಡ ಹೆಚ್ಚಾಗಬೇಕಾದರೆ, ಬೇಸಿಗೆಯ ಮೊದಲಲ್ಲಿ ಹೂವಿಲ್ಲದ ಎಳೆಯ ಕುಡಿಗಳನ್ನು ಚಿವುಟಿ ಮರಳಿನಲ್ಲಿ ಊರಿದರೆ ಬೇರು ಬಿಡುತ್ತವೆ. ಗಣಿಯ ಮಣ್ಣನ್ನು ಮಾತ್ರ ಮನೆಗೆ ತರಕೂಡದು. ಅದು ಮಕ್ಕಳಿರುವ ಮನೆಗೆ ಅಪಾಯ.

ಆ ಕುಂಡಗಳಲ್ಲಿ ಒಂದರಲ್ಲಿ ಕುತೂಹಲಕ್ಕಾಗಿ ಒಂದು ಚಿಟಿಕೆ ಹುಲ್ಲಿನ ಬೀಜವನ್ನೂ ಉದುರಿಸಿ, ಕಳೆ ಕೀಳದೆ ಬಿಟ್ಟೆವು. ಉಳಿದ ಕುಂಡಗಳನ್ನು ಕಳೆ ಕಿತ್ತು ಕಾಪಾಡಿದೆವು. ಎರಡರಲ್ಲಿಯೂ ಸೀಸದ ಕಣವೂ ನಾವು ಹಾಕಿದ್ದಲ್ಲ. ಹುಲ್ಲಿಲ್ಲದ ಕುಂಡಗಳಲ್ಲಿ ಗಿಡಗಳು ದುಂಡಗೆ ಮೆತ್ತೆ ಕಟ್ಟಿ, ನಾವು ಸ್ವದೇಶಕ್ಕೆ ಹೊರಡುವ ಮೊದಲು ಮೇಲೆಲ್ಲ ಹೂ ಮುಚ್ಚಿಕೊಂಡವು. ಹುಲ್ಲಿನ ಕುಂಡದಲ್ಲಿ ಮರಳುಗಿಡವನ್ನು ಬೆರಳಿನಿಂದ ಹುಡುಕಬೇಕಾಯಿತು. ಬಿಳಿಚಿಕೊಂಡ ಎರಡು ಎಳೆಗಳು ಸಿಕ್ಕಿದವು. ಗಿಡಕ್ಕೆ ವಿಷ ಬೇಕಾಗಿರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಬೆಳಕು ಮತ್ತು ಒಂದಂಗೈ ಜಾಗ. ಬೇರೆಲ್ಲಿಯೂ ಅವು ದೊರೆಯದಿದ್ದುದರಿಂದ ವಿಷದ ನೆಲಕ್ಕೆ ಹೋಗಿ ಬದುಕಿತು, ಅಷ್ಟೆ.

ಕಿಟಕಿಯ ಮುಂದೆ ಆ ಎರಡು ಕುಂಡಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದಾಗ, ಅದಕ್ಕೆ ಕೆಲವು ವರ್ಷ ಹಿಂದೆ ನಡೆದ ಸಂಗತಿಯೊಂದು ನೆನಪಿಗೆ ಬಂದಿತು. ನಮ್ಮಲ್ಲಿ ಓದುತ್ತಿದ್ದ ಹುಡುಗನೊಬ್ಬನು ಬೆಳಗಿನ ಜಾವ ಎದ್ದು ಮನೆಮನೆಗೆ ಪತ್ರಿಕೆ ಹಾಕಿ, ಆಮೇಲೆ ತರಗತಿಗೆ ಬಂದು, ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದನು. ಬಹುಮಾನದ ಸಮಾರಂಭದಲ್ಲಿ ನಾವು ಎದ್ದು, ಕಷ್ಟವೇ ಈತನನ್ನು ಬೆಳೆಸಿತು, ಬಡತನಕ್ಕಿಂತ ಉತ್ತಮನಾದ ಗುರುವಿಲ್ಲ ಎಂದು ಮಾತನಾಡಿದೆವು. ವಾರಾನ್ನದಲ್ಲಿ, ಬೀದಿದೀಪದ ಬೆಳಕಿನಲ್ಲಿ ಓದಿ ದೊಡ್ಡವರಾದ ಹಿಂದಿನವರ ಉದಾಹರಣೆಗಳನ್ನೂ ಕೊಟ್ಟೆವು. ಸಭಿಕರು ಚಪ್ಪಾಳೆ ತಟ್ಟಿದರು. ಮರುದಿನ ಆ ಹುಡುಗ ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, ಬಹಳ ಹೊತ್ತು ತಡವರಿಸಿ, “ಸಾರ್, ತಪ್ಪು ತಿಳಿಯಬೇಡಿ. ನಮ್ಮಣ್ಣ ನನಗಿಂತ ಬುದ್ಧಿವಂತ. ಅದೇ ಮನೆ, ಅದೇ ಕಷ್ಟ. ಅವನು ಎಂಟನೇ ತರಗತಿಗೇ ಓದು ಬಿಟ್ಟು ಗ್ಯಾರೇಜಿಗೆ ಸೇರಿದ. ನನ್ನ ಫೀಸು ಕಟ್ಟಿದ್ದು ಅವನು” ಎಂದು ಹೇಳಿ ಹೊರಟುಹೋದನು.

ಆ ದಿನ ಅವನ ಮಾತು ನಮಗೆ ಪೂರ್ತಿಯಾಗಿ ಅರ್ಥವಾಗಲಿಲ್ಲ. ವಿನಯವೆಂದು ಭಾವಿಸಿ ಮೆಚ್ಚಿಕೊಂಡೆವು. ಕುಂಡಗಳ ಮುಂದೆ ಅರ್ಥವಾಯಿತು. ನಾವು ದಿಬ್ಬದ ಮೇಲೆ ಉಳಿದ ಒಂದು ಗಿಡವನ್ನು ತೋರಿಸಿ ವಿಷವನ್ನು ಹೊಗಳಿದ್ದೆವು. ಅವನು ಉಳಿಯದ ಗಿಡದ ಹೆಸರನ್ನು ಹೇಳಲು ಬಂದಿದ್ದನು. ಕಷ್ಟವನ್ನು ತಾಳಿದವರನ್ನು ಗೌರವಿಸುವುದು ಧರ್ಮ. ಆದರೆ ಕಷ್ಟಕ್ಕೆ ಕೃತಜ್ಞತೆ ಹೇಳುವುದು, ಅದೂ ಕಷ್ಟಪಡದವರು ಹೇಳುವುದು, ಸರಿಯಲ್ಲ. ಅಂದಿನಿಂದ ಅಂತಹ ಭಾಷಣವನ್ನು ನಾವು ಮಾಡಿಲ್ಲ. ಊರಿಗೆ ಮರಳಿದ ಮೇಲೆ ಆ ಹುಡುಗನನ್ನು ಕಂಡು ಇದನ್ನು ಹೇಳಿದೆವು. “ಪರವಾಗಿಲ್ಲ ಸಾರ್” ಎಂದನು. ಆಮೇಲೆ, ಅಣ್ಣ ಈಗ ಸ್ವಂತ ಗ್ಯಾರೇಜು ಹಾಕಿದ್ದಾನೆಂದು ಸಂತೋಷದಿಂದ ತಿಳಿಸಿದನು.

ಡರ್ಬಿಷೈರಿನ ದಿಬ್ಬಗಳ ಈಗಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಮುಗಿಸುತ್ತೇವೆ. ಹಳೆಯ ಗಣಿಗಾರರು ಕಸವೆಂದು ಎಸೆದ ಫ್ಲೂರ್‌ಸ್ಪಾರ್, ಬರೈಟೀಸ್ ಎಂಬ ಖನಿಜಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಬೆಲೆ ಬಂದದ್ದರಿಂದ ಅನೇಕ ದಿಬ್ಬಗಳನ್ನು ಮತ್ತೆ ಅಗೆದು ಸೋಸಿದರು; ಇನ್ನು ಕೆಲವನ್ನು ಸಮಮಾಡಿ ಹುಲ್ಲುಗಾವಲಾಗಿಸಿದರು. ಲೋಹದ ನೆಲದ ಇಂತಹ ಸಸ್ಯಸಮೂಹವನ್ನು ಕಾಪಾಡಬೇಕೆಂದು ಯೂರೋಪಿನ ರಾಷ್ಟ್ರಗಳು ೧೯೯೨ರ ನಿರ್ದೇಶವೊಂದರಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟವು. ಮನುಷ್ಯನು ಕೆಡಿಸಿದ ನೆಲವನ್ನು ಮನುಷ್ಯನೇ ಕಾಪಾಡಬೇಕಾಗಿ ಬಂದಿರುವುದು ವಿಚಿತ್ರವಾಗಿ ತೋರಬಹುದು. ಆದರೆ ಒಳ್ಳೆಯ ನೆಲವನ್ನೆಲ್ಲ ತೆಗೆದುಕೊಂಡ ಮೇಲೆ, ಕೆಟ್ಟ ನೆಲದಲ್ಲಿ ಬದುಕಿಕೊಂಡದ್ದನ್ನು ಅಲ್ಲಿಂದಲೂ ಹೊರಡಿಸುವುದು ನ್ಯಾಯವಲ್ಲ.

ಈಗ ಮೊದಲಲ್ಲಿ ಬಾಕಿ ಉಳಿಸಿಕೊಂಡ ಉತ್ತರ. ನಮ್ಮ ನಾಡಿಗೂ ಈ ಗಿಡಕ್ಕೂ ಏನು ಸಂಬಂಧ? ಗಿಡವನ್ನು ತರಿಸಿ ಇಲ್ಲಿ ಬೆಳೆಸಿರೆಂದು ನಾವು ಹೇಳುವುದಿಲ್ಲ. ಚಳಿಯ ನಾಡಿನ ಮೆತ್ತೆಯ ಗಿಡ ನಮ್ಮ ಮುಂಗಾರನ್ನು ತಾಳಲಾರದು. ಆದರೆ ಅದರ ಬಂಧುಬಳಗ ನಮ್ಮ ಸುತ್ತಲೇ ಇದೆ. ಬೆಂಗಳೂರಿನ ಪೇಟೆಯಲ್ಲಿ ಗೊಂಚಲು ಕಟ್ಟಿ ಮಾರುವ ಕಾರ್ನೇಶನ್ ಇದೇ ಕುಟುಂಬದ್ದು. ಮಲೆನಾಡಿನ ತೇವದ ತೋಟಗಳಲ್ಲಿ, ದುಂಡನೆಯ ಎಲೆಗಳ ಜೊತೆಗಳನ್ನು ಹೊತ್ತು ನೆಲದ ಮೇಲೆ ಹಬ್ಬಿ, ಹಾದುಹೋಗುವವರ ಬಟ್ಟೆಗೆ ಅಂಟಿಕೊಳ್ಳುವ ಡ್ರೈಮೇರಿಯಾ ಎಂಬ ಕಳೆಯೂ ಇದೇ ಕುಟುಂಬದ್ದು. ಅದರ ಸಣ್ಣ ಬಿಳಿ ಎಸಳು ಸೀಳಿದೆಯೊ ಇಡಿಯಾಗಿದೆಯೊ ಎಂದು ನೀವೇ ಬಗ್ಗಿ ನೋಡಬಹುದು. ಬಯಲುಸೀಮೆಯ ಒಣ ಗರಸು ನೆಲದಲ್ಲಿ ಬೆಳ್ಳಿಯ ಬಣ್ಣದ ಪುಟ್ಟ ಗೊಂಚಲುಗಳನ್ನು ಬಿಡುವ ಪಾಲಿಕಾರ್ಪಿಯಾ ಇನ್ನೊಂದು ನಂಟು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದರ ಸೋದರ ಪ್ರಭೇದವೊಂದು ತಾಮ್ರವಿರುವ ನೆಲದ ಗುರುತೆಂದು ಹೆಸರಾಗಿದೆ. ಮರಳುಗಿಡವೇ ಬೇಕೆಂದರೆ, ನೀಲಗಿರಿಯ ಹೆಸರನ್ನೇ ಹೊತ್ತ ಅರೆನೇರಿಯಾ ಒಂದಿದೆ. ಹಿಮಾಲಯದಲ್ಲಂತೂ ೧೯೨೧ರ ಎವರೆಸ್ಟ್ ಪರ್ಯಟನದವರು ೬೦೦೦ ಮೀಟರಿಗಿಂತ ಎತ್ತರದಲ್ಲಿ ಪಾಚಿಯಂತೆ ಮುದುಡಿದ ಮರಳುಗಿಡವೊಂದನ್ನು ಕಂಡು ತಂದರು. ಹೂ ಬಿಡುವ ಗಿಡಗಳಲ್ಲಿ ಅಷ್ಟು ಎತ್ತರ ಏರಿದ್ದು ಬೇರೊಂದಿಲ್ಲವೆಂದು ಅದು ಬಹುಕಾಲ ಪ್ರಸಿದ್ಧವಾಗಿತ್ತು.

ಆದ್ದರಿಂದ ಶ್ರೋತೃಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಒಂದು ಭೂತಕನ್ನಡಿಯನ್ನು ಕೊಳ್ಳಿರಿ. ಅದರ ಬೆಲೆ ಹೆಚ್ಚಲ್ಲ. ಮುಂದಿನ ಭಾನುವಾರ ಚಾಮುಂಡಿಬೆಟ್ಟಕ್ಕೋ, ಊರ ಹೊರಗಿನ ಬಂಡೆಯ ಬಳಿಗೋ, ಅದೂ ಆಗದಿದ್ದರೆ ಹಿತ್ತಿಲಿಗೋ ಹೋಗಿ, ಹೆಸರು ತಿಳಿಯದ ಒಂದು ಸಣ್ಣ ಗಿಡದ ಮುಂದೆ ಮೊಣಕಾಲೂರಿ ಆ ಐದು ಪ್ರಶ್ನೆಗಳನ್ನು ಕೇಳಿರಿ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿರಿ. ಎಣಿಸುವ ಕೆಲಸದಲ್ಲಿ ಅವರ ಕಣ್ಣು ನಮ್ಮ ಕಣ್ಣಿಗಿಂತ ಚುರುಕು. ಹೆಸರು ಆ ದಿನವೇ ಸಿಕ್ಕದಿದ್ದರೂ ಚಿಂತೆಯಿಲ್ಲ. ಎಸಳೆಷ್ಟು, ಕೇಸರವೆಷ್ಟು ಎಂದು ಬರೆದಿಟ್ಟುಕೊಂಡರೆ ಹೆಸರು ತಾನಾಗಿ ಬಂದು ಸೇರುತ್ತದೆ. ಆ ಗಿಡ ಅಲ್ಲಿಯೇ ಏಕೆ ಬೆಳೆದಿದೆ, ಅದರ ಪಕ್ಕದಲ್ಲಿ ಏನು ಬೆಳೆಯಲಿಲ್ಲ ಎಂಬುದನ್ನೂ ಒಂದು ನಿಮಿಷ ಯೋಚಿಸಿರಿ.